ಕನ್ನಡದಲ್ಲೇ ಉಳಿದಿದ್ದ ಮರಾಠಿ ಕವಿತೆ

ಪ್ರೀತಿಯ ದಾದಾ,

ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ನೀವು ರಾಜಾಜಿನಗರದ ನಮ್ಮ ಪಕ್ಕದ ಮನೆಗೆ ಬಂದಾಗ, ಮರಾಠಿ ಕವಿ ಎಂದು ತಿಳಿದು ನಾನು ಹೆದರಿ ದೂರವೇ ಇದ್ದೆ. ಒಂದಕ್ಷರ ಮರಾಠಿ ಬಾರದ ನನ್ನನ್ನೇ ಹಿಡಿದುಕೊಂಡಿರಲ್ಲ! ಭಾನುವಾರ ಬೆಳಿಗ್ಗೆ ಮಾಗಡಿ ರಸ್ತೆಯಲ್ಲಿ ಶ್ರೀಗಂಧದ ಕಾವಲಿನ ಕಡೆ ನಡೆಯುತ್ತಾ, ಇನ್ನೂ ಬರೆಯದ ಕವಿತೆಯನ್ನು ನಿಮ್ಮ ಹರಕುಮುರುಕು ಕನ್ನಡದಲ್ಲಿ ಹೇಳುತ್ತಿದ್ದಿರಿ. "ನಿನ್ನ ಭಾಷೇಲಿ ನಿಂತ್ರೆ ಮಾತ್ರ ನನ್ನ ಭಾಷೇಲಿ ಬರೀತೀನಿ ಕಣಯ್ಯಾ." ನನ್ನ ಮುಖ ಕದಲದಿದ್ದರೆ ಅದನ್ನು ಅಲ್ಲೇ ಬಿಟ್ಟು ನಡೆದುಬಿಡುತ್ತಿದ್ದಿರಿ. ಎಷ್ಟು ಕವಿತೆಗಳು ಆ ರಸ್ತೆಯ ಪಾಲಾದವು, ಅಲ್ಲವೇ?

ಕೊನೆಯ ಭಾನುವಾರ ಹೇಳಿದ್ದು ನಿಮ್ಮ ಹೆಂಡತಿಯ, ನಾನು ಅತ್ತಿಗೆ ಎನ್ನುವವರ ಮೇಲಿನ ಕವಿತೆ. ಈ ಬೀದಿಯಲ್ಲಿ ಅವಳ ಭಾಷೆ ಆಡುವವರಿಲ್ಲ, ಬೆಳಿಗ್ಗೆ ನಲ್ಲಿಯ ಮುಂದೆ ಕೊಡದ ಜೊತೆ ಮರಾಠಿಯಲ್ಲಿ ಮಾತಾಡುತ್ತಾಳೆ, ಕೊಡ ತುಂಬುವ ತನಕ ತವರಲ್ಲಿರುತ್ತಾಳೆ... ನಾನು ನಡೆಯುವುದನ್ನೇ ನಿಲ್ಲಿಸಿದೆ. "ಸರಿ, ನಿಂತಿತು. ಈ ವಾರ ಬರೀತೀನಿ" ಅಂದಿರಿ. ಆ ವಾರವೇ ಆಫೀಸಿನಲ್ಲಿ ಎದೆ ಹಿಡಿದುಕೊಂಡು... ಅಷ್ಟೊಂದು ಅವಸರ ಏನಿತ್ತು ದಾದಾ?

ನೀವು ಹೋದ ಮೇಲೆ ಆ ಕವಿತೆ ನನ್ನ ಬಾಯಲ್ಲಿ ಮಾತ್ರ ಉಳಿಯಿತು. ಯಾರಿಗೂ ಹೇಳಲಿಲ್ಲ. ಹೇಳಿಬಿಟ್ಟರೆ ನಿಮ್ಮದು ಅಂತ ನನಗೇನು ಉಳಿಯುತ್ತದೆ? ಒಬ್ಬನೇ ಅದೇ ರಸ್ತೆಯಲ್ಲಿ ಅದನ್ನೇ ಹೇಳಿಕೊಂಡು ನಡೆಯುತ್ತಿದ್ದೆ. ಎದುರು ಬಂದವರು ಹುಚ್ಚ ಅಂದುಕೊಂಡಿರಬೇಕು. ಅಂದುಕೊಳ್ಳಲಿ ಬಿಡಿ.

ಹೋದ ವಾರ ಅತ್ತಿಗೆ ಕಾಂಪೌಂಡಿನ ಆಚೆಯಿಂದ ಕರೆದರು. ಮನೆ ಖಾಲಿ ಮಾಡಿ ಸಾತಾರಾಕ್ಕೆ ಹೊರಟಿದ್ದರು.

"ಊರಿಗೆಲ್ಲಾ ಕವಿತೆ ಬರೆದ್ರು. ಮನೇಲಿ ನಾನೊಬ್ಬಳು ಇದೀನಿ ಅಂತ ಅವರಿಗೆ ಗೊತ್ತಿತ್ತೇನಪ್ಪಾ?"

ಸುಮ್ಮನಿರಲು ಮನಸ್ಸು ಒಪ್ಪಲಿಲ್ಲ. ನಿಮ್ಮ ತಪ್ಪುಗನ್ನಡದ ಸಮೇತ ಪೂರ್ತಿ ಹೇಳಿಬಿಟ್ಟೆ. ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಅಯ್ಯೋ, ಅವರಿಗೆ ಕೇಳಿಸ್ತಿತ್ತಾ?"

ಆಮೇಲೆ ಎರಡು ದಿನ ಕೂತು ಅದನ್ನು ಮರಾಠಿಯಲ್ಲಿ ಬರೆದುಕೊಂಡರು. "ಅವರು ಹೀಗೆ ಹೇಳ್ತಿರ್ಲಿಲ್ಲ" ಎನ್ನುತ್ತಾ ತಿದ್ದಿ ತಿದ್ದಿ ಬರೆದರು. ಅವರು ಓದಿ ಹೇಳಿದಾಗ ನನಗೆ ಒಂದು ಮಾತೂ ತಿಳಿಯಲಿಲ್ಲ. ಇನ್ನು ಅದು ನನ್ನದಲ್ಲ ಅಂತ ಮಾತ್ರ ತಿಳಿಯಿತು. ಹೊಟ್ಟೆ ಉರಿಯಿತು, ನಿಜ ಹೇಳುತ್ತೇನೆ.

ನಿನ್ನೆ ಅವರನ್ನು ಸಿಟಿ ಸ್ಟೇಷನ್ನಿನಲ್ಲಿ ರೈಲು ಹತ್ತಿಸಿ ಬಂದೆ. ಎದುರು ಸೀಟಿನಲ್ಲಿ ಯಾರೋ ಮರಾಠಿ ಹೆಂಗಸು. ರೈಲು ಹೊರಟಾಗ ಅತ್ತಿಗೆ ಆಕೆಗೆ ನಿಮ್ಮ ಕವಿತೆ ಓದಿ ಹೇಳುತ್ತಿದ್ದರು ದಾದಾ. ನಾನು ಪ್ಲಾಟ್‌ಫಾರಂ ಮುಗಿಯುವವರೆಗೂ ಕೈ ಬೀಸಿದೆ. ಅವರು ನನ್ನ ಕಡೆ ನೋಡಲೇ ಇಲ್ಲ.