ಕೈ ಎತ್ತಿ ಕೇಳಿದವರು

ರಾಣೆಬೆನ್ನೂರು
೨೧ ನವೆಂಬರ್ ೧೯೯೩

ಪ್ರೀತಿಯ ಕುಲ್ಸುಮ,

ನೀನೂ ನಿನ್ನ ಮನೆಯವರೂ ಗದಗಿನಲ್ಲಿ ಸುಖವಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಮಗಳು ಸುಗರಾಬಿಯ ಕೂಸು ಈಗ ಅಂಬೆಗಾಲಿಡುತ್ತಿರಬೇಕು, ನನ್ನ ಹೆಸರು ಹೇಳಿ ಅದರ ಗಲ್ಲಕ್ಕೆ ಒಂದು ಮುತ್ತು ಕೊಡು. ನಿನ್ನ ಕಾಗದ ಬಂದಾಗ ಇಲ್ಲಿ ಕಾರಹುಣ್ಣಿಮೆ, ಈಗ ದೀಪಾವಳಿಯ ಪಣತಿಗಳೂ ಅಟ್ಟ ಸೇರಿವೆ. ಈ ಸೊಕ್ಕಿನ ಹೆಣ್ಣಿಗೆ ಒಂದು ಸಾಲು ಬರೆಯಲು ಏನು ರೋಗ ಬಂದಿತ್ತು ಎಂದು ನೀನು ಬೈದಿರುತ್ತೀ. ಬೈದದ್ದೆಲ್ಲ ನನಗೆ ಮುಟ್ಟಿದೆ ಎಂದು ತಿಳಿ. ಆದರೆ ಕಾರಣ ಕೇಳಿದರೆ ನೀನೇ ಓಡಿಬಂದು ನನ್ನ ದೃಷ್ಟಿ ತೆಗೆಯುತ್ತೀ. ನಾನು ಕಂಪ್ಯೂಟರ್ ಕಲಿತೆ! ಕಲಿತದ್ದಷ್ಟೇ ಅಲ್ಲ, ಈಗ ಕಲಿಸುತ್ತಲೂ ಇದ್ದೇನೆ.

ನಗಬೇಡ. ನಮ್ಮ ಟೈಪಿಂಗ್ ಕ್ಲಾಸು ನಿನಗೆ ಗೊತ್ತೇ ಇದೆ. ನಾವಿಬ್ಬರೂ ಅಲ್ಲೇ ಅಕ್ಕಪಕ್ಕ ಕುಳಿತು ಕುಟ್ಟಿದವರು. ನೀನು ಪರೀಕ್ಷೆ ಪಾಸಾಗಿ ಹೊರಗೆ ಹೋದೆ, ನಾನು ಮಾಸ್ತರನ್ನೇ ಮದುವೆಯಾಗಿ ಒಳಗೇ ಉಳಿದೆ. ಆಗ ಒಂದು ಮಷೀನಿಗಾಗಿ ಹುಡುಗರು ಬಾಗಿಲ ಹೊರಗೆ ಪಾಳಿ ಹಚ್ಚುತ್ತಿದ್ದರು. ಕಳೆದ ವರ್ಷ ನೋಡಬೇಕಿತ್ತು. ಬಂದ ಪಾಲಕರು ಒಳಗೆ ಇಣುಕಿ, "ಕಂಪ್ಯೂಟರ್ ಐತೇನ್ರಿ?" ಎಂದು ಕೇಳಿ, ಇಲ್ಲವೆಂದರೆ ಚಪ್ಪಲಿಯನ್ನೂ ಬಿಡದೆ ತಿರುಗಿ ಹೋಗುತ್ತಿದ್ದರು. ನಮ್ಮ ಪಕ್ಕದ ಬಟ್ಟೆ ಅಂಗಡಿಯವನಂತೂ ತನ್ನ ಅಂಗಡಿ ಹಿಗ್ಗಿಸಲು ನಮ್ಮ ಕ್ಲಾಸಿನ ಹಾಲನ್ನು ಕಣ್ಣಿನಲ್ಲೇ ಅಳೆಯತೊಡಗಿದ್ದ. ಮನೆಯಲ್ಲಿ ಒಬ್ಬರಾದರೂ ಕಂಪ್ಯೂಟರ್ ಕಲಿಯದಿದ್ದರೆ ಕ್ಲಾಸು ಮುಚ್ಚಿದಂತೆಯೇ ಎಂದು ನಮಗೆ ಗಂಡ ಹೆಂಡತಿ ಇಬ್ಬರಿಗೂ ತಿಳಿದಿತ್ತು.

ಕಲಿಸುವವನು ಯಾರು ಗೊತ್ತೇ? ನಮ್ಮ ಮೆಹಬೂಬ. ಬ್ಯಾಡಗಿಯ ಮೌಲಾಸಾಬರ ಮಗ. ಟೈಪಿಂಗ್ ಕಲಿಯುವಾಗ ಪ್ರತಿಯೊಂದಕ್ಕೂ "ಯಾಕ್ರೀ ಸರ್?" ಎಂದು ಕೇಳಿ, ನಮ್ಮವರಿಂದ, ಅದೇ ನಿನ್ನ ಮಾಸ್ತರಿಂದ, ಬೈಸಿಕೊಂಡು ಹೊರಗೆ ನಿಲ್ಲುತ್ತಿದ್ದನಲ್ಲ, ಅವನೇ. ಈಗ ಹಾವೇರಿಯಲ್ಲಿ ಕಂಪ್ಯೂಟರ್ ಕ್ಲಾಸು ತೆಗೆದಿದ್ದಾನೆ. ನಾನು ನಿನ್ನ ಮಾಸ್ತರಿಗೆ, "ಇಬ್ಬರೂ ಕೂಡೇ ಹೋಗೂಣು, ಜೋಡಿಲೇ ಕಲಿಯೂಣು" ಎಂದೆ. ಅವರು ಕನ್ನಡಕ ತೆಗೆದು ಒರೆಸಿದರು. "ನಾ ಹೊರಗ ನಿಲ್ಲಿಸಿದ ಹುಡುಗನ ಮುಂದ ನಾನೇ ಕೈ ಕಟ್ಟಿ ಕುಂದರಬೇಕೇನು? ಈ ಡಾಕಪ್ಪ ಮಾಸ್ತರ ಕೇಳಾಂವಲ್ಲ, ಹೇಳಾಂವ" ಎಂದರು. ಅವರ ಮೀಸೆ ನಿನಗೆ ಗೊತ್ತಲ್ಲ, ಅದಕ್ಕೆ ಮಣ್ಣು ತಾಗಬಾರದು. ನನಗೆ ಮೀಸೆಯೇ ಇಲ್ಲ, ನಾನೇ ಹೊರಟೆ.

ಆದರೆ ಕುಲ್ಸುಮ, ಸೊಕ್ಕಿಗೆ ಮೀಸೆಯೇ ಬೇಕೆಂದಿಲ್ಲ. ಹಾವೇರಿಯ ಕ್ಲಾಸಿನಲ್ಲಿ ನನ್ನ ಸುತ್ತ ಕುಳಿತವರು ನನ್ನ ಅರ್ಧ ವಯಸ್ಸಿನವರು. ಒಂದೊಂದೇ ಬೆರಳಿನಿಂದ ಕೋಳಿ ಕಾಳು ಹೆಕ್ಕಿದ ಹಾಗೆ ಒತ್ತುತ್ತಿದ್ದರು. ನಾನು ಕುಳಿತವಳೇ ಕೀಲಿಗಳ ಕಡೆ ನೋಡದೆ ಪಟಪಟನೆ ಹೊಡೆದೆ. ಎಲ್ಲರೂ ತಮ್ಮ ಕೆಲಸ ಬಿಟ್ಟು ನನ್ನ ಕೈ ನೋಡಿದರು. ಆಹಾ, ಎಂಥ ಗತ್ತು! ಅಷ್ಟರಲ್ಲಿ ಪರದೆಯ ಮೇಲೆ 'ಸಿಂಟ್ಯಾಕ್ಸ್ ಎರರ್' ಎಂದು ಬಂತು. ನೀನು ಬರೆದದ್ದು ನನಗೆ ತಿಳಿಯಲಿಲ್ಲ ಎಂದು ಕಂಪ್ಯೂಟರು ಹೇಳುವ ರೀತಿ ಅದು.

ಲೆಕ್ಕ ಸುಲಭದ್ದೇ. ಅಲ್ಲಿ ಪ್ರತಿ ಸಾಲಿಗೂ ಮುಂದೆ ಒಂದು ಅಂಕಿ ಹಾಕಬೇಕು: ಹತ್ತು, ಇಪ್ಪತ್ತು, ಮೂವತ್ತು. ಹತ್ತನೇ ಸಾಲಿನಲ್ಲಿ ಒಂದು ಮೆಣಸಿನಕಾಯಿ ಚೀಲದ ತೂಕ ಹೇಳಬೇಕು, ಇಪ್ಪತ್ತರಲ್ಲಿ ಚೀಲ ಎಷ್ಟೆಂದು ಹೇಳಬೇಕು, ಮೂವತ್ತರಲ್ಲಿ ಗುಣಿಸು ಎನ್ನಬೇಕು. ಇಪ್ಪತ್ತು, ಮೂವತ್ತು ತೆಪ್ಪಗೆ ಕುಳಿತುಕೊಳ್ಳುತ್ತಿದ್ದವು. ಹತ್ತು ಮಾತ್ರ ಪ್ರತಿ ಸಲ ಎರರ್. ತೂಕವೇ ಇಲ್ಲದ ಮೇಲೆ ಗುಣಿಸಿದರೆ ಏನು ಬರುತ್ತದೆ, ಸೊನ್ನೆ. ಬ್ಯಾಡಗಿ ಪೇಟೆಯಲ್ಲಿ ಘಾಟಿಗೆ ಉಸಿರು ಬಿಡಲಾಗದಷ್ಟು ಮೆಣಸಿನಕಾಯಿ, ನನ್ನ ಕಂಪ್ಯೂಟರಿನಲ್ಲಿ ಬರೀ ಸೊನ್ನೆ!

ಮೆಹಬೂಬ ಮೊದಲ ದಿನವೇ ಹೇಳಿದ್ದ, "ತಿಳೀದಿದ್ರ ಕೈ ಎತ್ರಿ, ಕೇಳ್ರಿ, ನಾಚಬ್ಯಾಡ್ರಿ." ಚಿಕ್ಕ ಹುಡುಗಿಯರು ಕೈ ಎತ್ತಿ, ಕೇಳಿ, ತಿಳಿದು, ಮುಂದಿನ ಪಾಠಕ್ಕೆ ಹೋದರು. ನಾನು ಎತ್ತಲಿಲ್ಲ. ನಮ್ಮ ಹಾಲಿನಲ್ಲಿ ಕಲಿತ ಕೈ ಇದು. ತಪ್ಪಾದರೆ ಹಾಳೆ ಕಿತ್ತು, ಹೊಸದು ಸಿಕ್ಕಿಸಿ, ಬಾಯಿ ಮುಚ್ಚಿಕೊಂಡು ಮೊದಲಿನಿಂದ ಹೊಡೆಯಬೇಕು. ಕೇಳಿದವ ಕಲಿಯುವುದಿಲ್ಲ, ಕುಟ್ಟಿದವ ಕಲಿಯುತ್ತಾನೆ ಎಂದು ನಿನ್ನ ಮಾಸ್ತರು ಹೇಳುತ್ತಿದ್ದರಲ್ಲ. ಹಾಗೆ ದಿನಾ ಹೋಗಿ ಮೊದಲಿನಿಂದ ಕುಟ್ಟಿದೆ, ದಿನಾ ಸೊನ್ನೆ ಕಟ್ಟಿಕೊಂಡು ಬಸ್ ಹತ್ತಿದೆ. ಮನೆಯಲ್ಲಿ ಇವರು, "ಹೆಂಗ ನಡದೈತಿ?" ಎಂದರೆ, "ಭಾಳ ಚಲೋ" ಎನ್ನುತ್ತಿದ್ದೆ.

ಕೊನೆಗೊಂದು ದಿನ ರೇಗಿ ಹೋಯಿತು. ಎದ್ದು ನಿಂತು, ಕೈ ಎತ್ತಿ, ಇಡೀ ಕ್ಲಾಸಿಗೆ ಕೇಳುವ ಹಾಗೆ, "ಮೆಹಬೂಬ, ನನಗ ತಿಳಿವಲ್ದಪ್ಪಾ! ಬಂದು ನೋಡು" ಎಂದೆ. ಯಾರೂ ನಗಲಿಲ್ಲ. ಅವನು ಬಂದು ಪರದೆ ನೋಡಲಿಲ್ಲ, ನನ್ನ ಬೆರಳು ನೋಡಿದ. "ಅಕ್ಕಾರ, ಇನ್ನೊಮ್ಮೆ ಹೊಡೀರಿ, ಸಾವಕಾಶ" ಎಂದ. ಹೊಡೆದೆ. ಅವನು ನೆಲಕ್ಕೆ ಕುಳಿತು ನಗತೊಡಗಿದ.

"ಅಕ್ಕಾರ, ನಮ್ಮ ಮಾಸ್ತರ ಮಷೀನಿನಾಗ ಒಂದರ ಕೀಲಿ ಎಲ್ಲೈತ್ರಿ?"

ಕುಲ್ಸುಮ, ನಿನಗೆ ಈಗ ಹೊಳೆದಿರಬೇಕು! ನಮ್ಮ ಹಳೆಯ ಟೈಪ್‌ರೈಟರಿಗೆ ಒಂದರ ಕೀಲಿಯೇ ಇಲ್ಲ. ಇಂಗ್ಲಿಷಿನ ಸಣ್ಣ ಎಲ್ ಒತ್ತಿದರೆ ಅದೇ ಒಂದು. ಇಷ್ಟು ವರ್ಷ ಹಾಗೇ ಹೊಡೆದ ನನ್ನ ಬೆರಳು ಇಲ್ಲಿಯೂ ತಾನಾಗಿ ಅಲ್ಲಿಗೇ ಹೋಗುತ್ತಿತ್ತು. ಕಾಗದಕ್ಕೆ ಎರಡೂ ಒಂದೇ, ಕಂಪ್ಯೂಟರಿಗೆ ಒಂದು ಅಕ್ಷರ, ಇನ್ನೊಂದು ಅಂಕಿ. ಹತ್ತು ಬರೆಯಲು ಒಂದು ಬೇಕು, ಇಪ್ಪತ್ತಕ್ಕೆ ಬೇಡ. ಅಷ್ಟೇ! ಮೆಹಬೂಬ ಕಣ್ಣೊರೆಸಿಕೊಂಡು, "ನಾನೂ ಇದ ತಪ್ಪು ಮಾಡೇನ್ರಿ. ನನಗ ಹೇಳಾಕ ಯಾರೂ ಇದ್ದಿಲ್ಲ, ಹುಚ್ಚ ಹಿಡಿಯೂದೊಂದ ಬಾಕಿತ್ತು" ಎಂದ. ಆಮೇಲೆ ಮೆಲ್ಲಗೆ, "ಮಾಸ್ತರ ಮ್ಯಾಲ ನನಗ ಸಿಟ್ಟಿಲ್ರಿ, ಈ ಬೆರಳ ಅವರದ" ಎಂದ. ನನ್ನ ಕಣ್ಣು ತುಂಬಿ ಬಂತು.

ಅವತ್ತಿನಿಂದ ನನ್ನನ್ನು ಹಿಡಿಯುವವರಿಲ್ಲ. ಕೇಳಿದ್ದೇ ಕೇಳಿದ್ದು. ನನ್ನ ಕಾಟಕ್ಕೆ ಮೆಹಬೂಬ ಊಟ ಬಿಟ್ಟು ಎದ್ದು ಬರುತ್ತಿದ್ದ. ಪರೀಕ್ಷೆಯಲ್ಲಿ ಪಾಸಾದೆ, ದಸರೆಗೆ ನಮ್ಮ ಹಾಲಿನಲ್ಲೇ ಕಂಪ್ಯೂಟರ್ ಇಟ್ಟೆವು. ಬಡಿಗನ ಬೆನ್ನು ಹತ್ತಿ ಮೇಜು ಮಾಡಿಸಿದವರು ನಿನ್ನ ಮಾಸ್ತರೇ. ಕಿಟಕಿಗೆ ಪರದೆ ಹಾಕಿ, ಧೂಳು ಬೀಳದಂತೆ ನನ್ನ ಹಳೆಯ ಇಲಕಲ್ಲ ಸೀರೆ ಹರಿದು ಹೊದಿಕೆ ಹೊಲಿಸಿದವರೂ ಅವರೇ. ಪೇಟೆಯಲ್ಲಿ ಸಿಕ್ಕವರಿಗೆಲ್ಲ, "ನಮ್ಮಾಕಿ ಕಂಪ್ಯೂಟರ್ ಕಲ್ತಾಳ್ರಿ, ನಿಮ್ಮ ಹುಡುಗರ್ನ ಕಳಸ್ರಿ" ಎನ್ನುತ್ತಾರೆ. ಬಟ್ಟೆ ಅಂಗಡಿಯವನು ಈಗ ತನ್ನ ಮಗಳನ್ನೇ ಕಳಿಸುತ್ತಾನೆ.

ನನ್ನ ಕ್ಲಾಸಿನಲ್ಲಿ ಒಂದೇ ಕಾಯಿದೆ. ದಿನಕ್ಕೊಂದಾದರೂ ಪ್ರಶ್ನೆ ಕೇಳದೆ ಯಾರೂ ಮನೆಗೆ ಹೋಗುವಂತಿಲ್ಲ. ದೇವರಗುಡ್ಡದ ಫಕ್ಕೀರವ್ವ ಎಂಬ ಹುಡುಗಿ ಮೊದಲು ತಲೆಯನ್ನೇ ಎತ್ತುತ್ತಿರಲಿಲ್ಲ. ಒಂದು ಸಂಜೆ ಬಾಗಿಲಿಗೆ ಅಡ್ಡ ನಿಂತು, "ಕೇಳಿ ಹೋಗವಾ, ಇಲ್ಲಾಂದ್ರ ಬಸ್ ತಪ್ಪಿಸ್ತೇನಿ" ಎಂದೆ. ಅವಳು ನೆಲ ನೋಡುತ್ತ, "ಅಕ್ಕಾರ, ಅದಕ್ಕ ತಪ್ಪಾತಂತ ಗೊತ್ತಾಗ್ತದ, ಹಂಗಾರ ಸರಿ ಯಾವುದಂತ ಅದ ಯಾಕ ಹೇಳೂದಿಲ್ರಿ?" ಎಂದು ಕೇಳಿದಳು. ಉತ್ತರ ನನಗೂ ಗೊತ್ತಿರಲಿಲ್ಲ. "ನನಗೂ ತಿಳಿವಲ್ದು, ಮೆಹಬೂಬನ್ನ ಕೇಳೂಣು" ಎಂದೆ. ಅವಳು ಬಾಯಿ ತೆರೆದು ನನ್ನನ್ನೇ ನೋಡಿದಳು. ತನಗೆ ಗೊತ್ತಿಲ್ಲ ಎನ್ನುವ ಟೀಚರನ್ನು ಅವಳು ಕಂಡಿರಲಿಲ್ಲ.

ಹಾಗೆ ನಮ್ಮಲ್ಲೊಂದು ಪದ್ಧತಿ ಬೆಳೆದಿದೆ. ವಾರವಿಡೀ ನಮಗೆ ಬಗೆಹರಿಯದ್ದನ್ನೆಲ್ಲ ಶನಿವಾರ ಒಂದು ಪೋಸ್ಟ್ ಕಾರ್ಡಿನಲ್ಲಿ ಇರುವೆ ಸಾಲಿನಷ್ಟು ಸಣ್ಣಗೆ ಬರೆದು ಹಾವೇರಿಗೆ ಹಾಕುತ್ತೇವೆ. ಮೆಹಬೂಬ ತನಗೆ ತಿಳಿದಷ್ಟಕ್ಕೆ ಉತ್ತರ ಬರೆದು, ತಿಳಿಯದ್ದಕ್ಕೆ 'ನಾನೂ ಯಾರನ್ನಾದರೂ ಕೇಳುತ್ತೇನೆ' ಎಂದು ಬರೆಯುತ್ತಾನೆ. ಕಾರ್ಡು ಬಂದ ದಿನ ಹುಡುಗಿಯರು ಅಂಚೆಯವನ ಕೈಯಿಂದಲೇ ಕಸಿದುಕೊಳ್ಳುತ್ತಾರೆ. ಈ ತಿಂಗಳು ಅವನು ತನ್ನ ಹುಡುಗರನ್ನೆಲ್ಲ ನಮ್ಮ ಹಾಲಿಗೆ ಕರೆತಂದಿದ್ದ. ಫಕ್ಕೀರವ್ವ ತಾನೇ ಬರೆದ ಪ್ರೋಗ್ರಾಂ ತೋರಿಸಿದಳು, ಹೊಲದ ಅಳತೆ ಹೇಳಿದರೆ ಬೀಜ ಎಷ್ಟು ಬೇಕೆಂದು ಹೇಳುತ್ತದೆ. ಎಲ್ಲರೂ ಚಪ್ಪಾಳೆ ಹೊಡೆದರು. ನಿನ್ನ ಮಾಸ್ತರು ಬಾಗಿಲಲ್ಲೇ ನಿಂತು ಎಲ್ಲರಿಗಿಂತ ಜೋರಾಗಿ ಹೊಡೆದರು. ನಾನು ಅವತ್ತು ಉಬ್ಬಿದ್ದು ಇನ್ನೂ ಇಳಿದಿಲ್ಲ, ಕುಲ್ಸುಮ. ಜಂಬ ಎಂದರೆ ಜಂಬವೇ, ನಿನ್ನ ಮುಂದೆ ಮುಚ್ಚಿಡುವುದೇನು.

ಸಂಕ್ರಾಂತಿಗೆ ಬಾ. ನಿನಗೂ ಕಲಿಸುತ್ತೇನೆ, ನೀನು ನಗಬಹುದು, ಆದರೆ ಎಲ್ ಮಾತ್ರ ಒತ್ತಬೇಡ. ಸುಗರಾಬಿಗೆ ನನ್ನ ತುಂಬು ಹರಕೆ. ಅವಳ ಮನೆ ತುಂಬಿರಲಿ, ಕೂಸಿಗೆ ನಿನ್ನ ಬುದ್ಧಿ ಬರಲಿ, ಬಾಯಿ ಮಾತ್ರ ನನ್ನದು ಬರಲಿ.

ನಿನ್ನ
ನೀಲಗಂಗಾ

ತಾ.ಕ.: ಲಕೋಟೆ ಅಂಟಿಸಲು ಹೋಗಿ ಮತ್ತೆ ತೆಗೆದೆ. ಇದನ್ನು ಬರೆಯಬಾರದೆಂದಿದ್ದೆ. ಬರೆಯದೆ ಯಾರ ಮುಂದೆ ಹೇಳಲಿ?

ನಿನ್ನ ಮಾಸ್ತರನ್ನು ನಾನು ಎಷ್ಟೋ ಸಲ ಕರೆದಿದ್ದೇನೆ. "ಬರ್ರಿ, ಬಾಜೂಕ ಕುಂದರ್ರಿ, ನಾ ತೋರಸ್ತೇನಿ" ಎಂದರೆ, "ಮನ್ಯಾಗ ಒಬ್ಬರು ಕಲ್ತರ ಸಾಕು, ನೀ ಅದೀಯಲ್ಲ" ಎಂದು ನಗುತ್ತಾರೆ. ನಾನೂ ಅದನ್ನೇ ನಂಬಿದ್ದೆ. ಹೋದ ವಾರ ಹಾವೇರಿಗೆ ಹೋಗಿದ್ದಾಗ ಮೆಹಬೂಬ ನನಗೆ ಸಂತೋಷವಾಗುತ್ತದೆಂದು ತಿಳಿದು ಹೇಳಿದ, "ಅಕ್ಕಾರ, ದಾವಣಗೆರ್ಯಾಗ ನನ್ನ ಗೆಳೆಯಾನ ಕ್ಲಾಸೈತಿ. ನಮ್ಮ ಮಾಸ್ತರ ಅಲ್ಲಿ ಕಲಿಯಾಕ ಬರ್ತಾರಂತ್ರಿ. ಮೊದಲನೇ ಬೆಂಚಿನಾಗ ಕುಂತು, ಎಲ್ಲಾರಗಿಂತ ಹೆಚ್ಚಿಗಿ ಕೈ ಎತ್ತಿ ಕೇಳ್ತಾರಂತ. ಸಣ್ಣ ಸಣ್ಣ ಹುಡುಗೋರ್ಗೂ ಸರ್ ಅಂತಾರಂತ." ನನಗೆ ಅವರು ಹೇಳಿದ್ದು ದಾವಣಗೆರೆಯಲ್ಲಿ ದೊಡ್ಡಪ್ಪನ ಮಗನಿಗೆ ಆರಾಮಿಲ್ಲ ಎಂದು. ಅವರು ಹೋಗುವಾಗಲೆಲ್ಲ ನಾನೇ ಬುತ್ತಿ ಕಟ್ಟಿ ಕಳಿಸುತ್ತೇನೆ.

ಖರೇ ಹೇಳುತ್ತೇನೆ, ಕೇಳಿದ ಕೂಡಲೇ ಹೆಮ್ಮೆಯೇ ಆಯಿತು. ಈ ವಯಸ್ಸಿನಲ್ಲಿ ಆ ಮನುಷ್ಯ ಕೈ ಎತ್ತಿದರಲ್ಲ! ಮನೆಗೆ ಬಂದು ಬಚ್ಚಲ ಬಾಗಿಲು ಹಾಕಿಕೊಂಡು ಅತ್ತೆ. ಮನೆ ಗೆದ್ದು ಮಾರು ಗೆಲ್ಲು ಎನ್ನುತ್ತಾರೆ, ನಾನು ಮಾರು ಗೆದ್ದು ಕುಳಿತಿದ್ದೇನೆ. ಗುರುತಿಲ್ಲದ ಹುಡುಗರನ್ನು ಕೇಳಲು ಊರು ಬಿಟ್ಟು ಊರಿಗೆ ಹೋಗುತ್ತಾರೆ, ಒಂದೇ ತಾಟಿನಲ್ಲಿ ಉಣ್ಣುವ ನನ್ನನ್ನು ಒಂದು ಮಾತು ಕೇಳುವುದಿಲ್ಲ. ದಿನಾ ರಾತ್ರಿ ಅನ್ನ ಬಡಿಸುವಾಗ ಕೇಳಿಬಿಡಬೇಕೆಂದು ಬಾಯಿ ತೆರೆಯುತ್ತೇನೆ, "ಸಾರು ಹಾಕ್ಲೇನ್ರಿ?" ಎಂದು ಕೇಳಿ ಮುಚ್ಚುತ್ತೇನೆ. ಅವರನ್ನು ಕೇಳಲು ನನ್ನಿಂದ ಆಗುತ್ತಿಲ್ಲ, ಅದಕ್ಕೆ ನಿನ್ನನ್ನು ಕೇಳುತ್ತಿದ್ದೇನೆ, ಕುಲ್ಸುಮ. ಅವರು ನನ್ನನ್ನು ಯಾಕೆ ಕೇಳಲಿಲ್ಲ?