ಬೀಗಿತ್ತಿಯ ಆಂಥೂರಿಯಂ

ಶಿರಸಿ
೨೮ ಸೆಪ್ಟೆಂಬರ್ ೨೦೦೧

ಪ್ರೀತಿಯ ಪರಿಮಳಾ,

ನಿನಗೂ ಕೂಸಿಗೂ ಅತ್ತೆಯ ತುಂಬು ಹಾರೈಕೆ. ಹೇಗಿದ್ದೀಯೆ? ಎದೆಹಾಲು ಸಾಕಾಗುತ್ತಿದೆಯೇ? ಮೆಂತೆ ಉಂಡೆ ಬಿಡಬೇಡ. ಪುಟ್ಟಿಗೆ ಶೀತವಾಗಿತ್ತೆಂದು ಸೀತಾರಾಮ ಹೇಳಿದ. ನೆತ್ತಿಗೆ ಎಣ್ಣೆ ಹೆಚ್ಚಾಗಿರಬೇಕು. ನಿನ್ನ ಅಮ್ಮನಿಗೆ ಗೊತ್ತಿರುತ್ತದೆ ಬಿಡು. ಅವರಿಗೆ ಗೊತ್ತಿಲ್ಲದ್ದು ಯಾವುದಿದೆ?

ನಿನ್ನ ಆಂಥೂರಿಯಂ ಬದುಕಿದೆ. ಅದು ಸಾಯಲು ಹೊರಟಿದ್ದನ್ನು ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ಹೆರಿಗೆಗೆಂದು ತವರಿಗೆ, ತ್ಯಾಗಲಿಗೆ ಹೊರಟಾಗ ‘ಅತ್ತೇ, ಅಮ್ಮ ಕೊಟ್ಟ ಗಿಡ, ನೋಡ್ಕಳಿ’ ಎಂದು ಜಗಲಿಯಲ್ಲಿ ಬಿಟ್ಟು ಹೋದೆಯಲ್ಲ, ಅಂದಿನಿಂದ ನನ್ನ ಮಗ ಬ್ಯಾಂಕಿನಿಂದ ಬಂದವನು ಚಪ್ಪಲಿ ಬಿಡುವ ಮೊದಲೇ ಅದರ ಎಲೆ ಮುಟ್ಟಿ ನೋಡುತ್ತಾನೆ. ‘ಆಯಿ, ಗಿಡಕ್ಕೆ ನೀರು ಹಾಕಿದ್ಯಾ?’ ನನ್ನ ಮಂಡಿನೋವು ಕೇಳುವವರಿಲ್ಲ. ಬಂದವರೆಲ್ಲ ನಿನ್ನ ಅಮ್ಮನ ಕೈಗುಣ ಹೊಗಳುವುದು ಬೇರೆ. ನಾನು ಮೂವತ್ತು ವರ್ಷ ಬೆಳೆಸಿದ ದಾಸವಾಳ ಅವರ ಕಣ್ಣಿಗೆ ಬರೀ ಬೇಲಿ!

ಶ್ರಾವಣದಲ್ಲಿ ಎಲೆಗೆ ಕಪ್ಪು ಚುಕ್ಕೆ ಬಿತ್ತು. ಭೈರುಂಬೆಯ ನನ್ನ ತಮ್ಮ ಅಡಿಕೆಯ ಕೊಳೆರೋಗಕ್ಕೆ ಹೊಡೆದು ಉಳಿಸಿದ್ದ ಮೈಲುತುತ್ತ-ಸುಣ್ಣದ ನೀಲಿ ನೀರನ್ನು ಕ್ಯಾನಿನಲ್ಲಿ ತರಿಸಿದೆ. ಅಡಿಕೆ ಗೊನೆಗೆ ಆಗುವ ಔಷಧ ಕುಂಡದ ಗಿಡಕ್ಕೆ ಆಗದೇ? ಕಲಸಿದ ದಿನವೇ ಮುಗಿಸಬೇಕೆಂದು ಗೊತ್ತಿದ್ದೂ ಮೂರನೆಯ ದಿನ ಧಾರಾಳವಾಗಿ ಚಿಮುಕಿಸಿದೆ. ವಾರದಲ್ಲಿ ಎಲೆಗಳೆಲ್ಲ ಸುಟ್ಟ ಹಪ್ಪಳ. ‘ಪರಿಮಳಂಗೆ ಆನು ಎಂತ ಹೇಳವು?’ ಎಂದ ಸೀತಾರಾಮ.

ನಿಜ ಹೇಳಿಬಿಡುತ್ತೇನೆ, ಒಳಗೊಳಗೇ ನನಗೆ ಸ್ವಲ್ಪ ಖುಷಿಯೇ ಆಯಿತು. ಮರುದಿನ ಮಾತ್ರ ಅನ್ನ ಸೇರಲಿಲ್ಲ. ಸುಟ್ಟ ಎಲೆ ಕತ್ತರಿಸಿ, ಕೊಳೆತ ಬೇರು ತೆಗೆದು, ಉಳಿದದ್ದನ್ನು ತೊಳೆದು, ಇದ್ದಲು ಚೂರು, ಇಟ್ಟಿಗೆ ಚೂರು, ತೆಂಗಿನ ಸಿಪ್ಪೆಯಲ್ಲಿ ನೆಟ್ಟೆ. ನೆರಳಲ್ಲಿಟ್ಟು ಬಾಣಂತಿ ಕೋಣೆಯ ಕೂಸಿನಂತೆ ನೋಡಿಕೊಂಡೆ. ನನ್ನ ಕೈಗೆ ಸಿಕ್ಕ ಕೂಸು ಅದೊಂದೇ ತಾನೇ. ನಿನ್ನೆ ಹೊಸ ಎಲೆ ಸುರುಳಿ ಬಿಚ್ಚಿದೆ. ನನಗೂ ಕೈಗುಣ ಉಂಟೆಂದು ಅಲ್ಲಿ ಹೇಳು.

ಮೂರು ತಿಂಗಳ ಬಾಣಂತನ ಅಂದವಳು ಈಗ ದೀಪಾವಳಿವರೆಗೆ ಇರುತ್ತೀಯಂತೆ. ನಿನ್ನ ಅಮ್ಮ ಪುಟ್ಟಿಗೆ ದಿನಾ ನೀರೆರೆಯುತ್ತಾರೆ, ತೊಟ್ಟಿಲು ತೂಗುತ್ತಾರೆ. ನಾನು ನೋಡಿದ್ದು ನಾಮಕರಣದಂದು ಒಂದು ಗಳಿಗೆ, ಅದೂ ಅವರ ತೊಡೆಯ ಮೇಲೆ. ನನಗೆ ಹೊಟ್ಟೆಕಿಚ್ಚು, ಏನು ಮಾಡಲಿ? ನವರಾತ್ರಿಗೆ ಬಂದುಬಿಡು ಮಗಳೇ.

ದೇವರು ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ.

ನಿನ್ನ ಅತ್ತೆ,
ಮಾದೇವಿ

ತಾ.ಕ.: ಪತ್ರ ಒಯ್ಯಲು ಸೀತಾರಾಮ ಬಾಗಿಲಲ್ಲಿ ನಿಂತಿದ್ದಾನೆ. ಮೇಲೆ ಒಂದು ಸುಳ್ಳು ಉಂಟು. ಇದ್ದಲು-ಇಟ್ಟಿಗೆಯ ಉಪಾಯ ನನ್ನದಲ್ಲ. ಇವನಿಗೆ ತಿಳಿಯಬಾರದೆಂದು ಎಸ್‌ಟಿಡಿ ಬೂತಿಗೆ ಹೋಗಿ ನಿನ್ನ ಅಮ್ಮನಿಗೆ ಫೋನು ಮಾಡಿದ್ದೆ, ಪಕ್ಕದ ಮನೆಯವರ ಗಿಡವೆಂದು. ‘ಎಲೆ ಮೇಲೆ ನೀಲಿ ಕಲೆ ಇದ್ದಾ?’ ಎಂದರು. ಇದೆ ಎಂದೆ. ನನ್ನ ತಮ್ಮನ ತೋಟಕ್ಕೆ ಔಷಧ ಹೊಡೆದಾಯಿತೇ ಎಂದು ಕೇಳಿ, ‘ಬದುಕ್ತು, ಹೆದರಡಿ’ ಎಂದು ಎಲ್ಲ ಹೇಳಿಕೊಟ್ಟರು. ಯಾರ ಗಿಡವೆಂದು ಅವರಿಗೆ ಆಗಲೇ ಗೊತ್ತಾಗಿತ್ತು. ಆದರೂ ಮೊನ್ನೆಯ ಪತ್ರದಲ್ಲಿ ನೀನು ‘ಗಿಡ ಹೂ ಬಿಟ್ಟಿತೇ’ ಎಂದು ಕೇಳಿದ್ದೀಯೆ, ಅಂದರೆ ನಿನಗೆ ಒಂದು ಮಾತೂ ಹೇಳಿಲ್ಲ. ಇಷ್ಟು ಒಳ್ಳೆಯವರಾಗಿರಬಾರದು ಮನುಷ್ಯರು! ಬರುವಾಗ ಅವರನ್ನೂ ಕರೆದುಕೊಂಡು ಬಾ, ಒಂದು ತಿಂಗಳು ಇದ್ದುಹೋಗಲಿ. ಪುಟ್ಟಿಗೆ ನೀರೆರೆಯುವುದು ಮಾತ್ರ ನಾನು.