ನಿನ್ನ ಹತ್ತಿರವಿದ್ದ ಹೋಳು

ಮರಳೂರು, ತುಮಕೂರು
ಜೂನ್ 2003

ಅಕ್ಷತಾ,

ಇವತ್ತು ಕುಣಿಗಲ್ಲಿಗೆ, ನಿಮ್ಮ ಮನೆಗೆ ಹೋಗಿದ್ದೆ. ನೀನು ತೀರಿಕೊಂಡ ಮೇಲೆ ಆ ಬಾಗಿಲು ತಟ್ಟಿದ್ದು ಇದೇ ಮೊದಲು.

ತಿರುಚ್ಚಿ ಹತ್ತಿರ ನಾವಿಬ್ಬರೂ ಒಡೆದ ಕಲ್ಲು ನೆನಪಿದೆಯಲ್ಲ? ಡೈನೋಸಾರ್‌ಗಳ ಕಾಲದ ಎಲೆಯೊಂದರ ಅಚ್ಚು ಎರಡೂ ಹೋಳುಗಳಲ್ಲಿ ಮೂಡಿತ್ತು. ಒಂದನ್ನು ನಾನಿಟ್ಟುಕೊಂಡೆ, ಒಂದನ್ನು ನೀನು. ಈಗ ಅದನ್ನು ಹೊಸ ಸಸ್ಯಪ್ರಭೇದವೆಂದು ಬರೆಯಲು ಹೊರಟಿದ್ದೇನೆ. ಆದರೆ ಎಲೆಯಂಚಿನ ಗರಗಸದಂಥ ಹಲ್ಲುಗಳು ನಿನ್ನ ಹೋಳಿನಲ್ಲಿ ಮಾತ್ರ ಇವೆ. ಅವನ್ನು ತೋರಿಸದೆ ಯಾರೂ ಒಪ್ಪುವುದಿಲ್ಲ.

ನಿಮ್ಮಮ್ಮ ಅದನ್ನು ದೇವರ ಗೂಡಿನಲ್ಲಿಟ್ಟಿದ್ದಾರೆ. ದಿನಾ ಬೆಳಿಗ್ಗೆ ನೀರಲ್ಲಿ ಉಜ್ಜಿ ತೊಳೆದು ವಿಭೂತಿ ಹಚ್ಚುತ್ತಾರಂತೆ. ಕೇಳಿದವಳೇ ಲೆನ್ಸ್ ಹಿಡಿದು ನೋಡಿದೆ. ಒಂದು ಕಡೆಯ ಅಂಚು ಪೂರ್ತಿ ಸವೆದುಹೋಗಿದೆ. ಇನ್ನೊಂದು ಕಡೆ ಹಲ್ಲುಗಳು ಇನ್ನೂ ಮಸುಕಾಗಿ ಕಾಣುತ್ತಿವೆ.

“ಮ್ಯೂಸಿಯಮ್ಮಿಗೆ ಕೊಡ್ಬೇಕಮ್ಮ. ಈ ಎಲೆಗೆ ಅಕ್ಷತಾ ಹೆಸ್ರೇ ಇಡ್ತೀನಿ,” ಅಂದೆ.

“ವಾಪಸ್ ತಂದ್ಕೊಡ್ತೀಯೇನವ್ವ?”

ಹೂಂ ಎಂದುಬಿಡಬಹುದಿತ್ತು. “ಇಲ್ಲಮ್ಮ, ಹೆಸ್ರಿಟ್ಟ ಮೇಲೆ ಅದು ಅಲ್ಲೇ ಇರ್ಬೇಕು.”

ಅವರು ಕಲ್ಲನ್ನು ಎತ್ತಿ ಮಡಿಲಲ್ಲಿಟ್ಟುಕೊಂಡರು. ಆಮೇಲೆ, “ಇಷ್ಟ್ ದಿನ ಯಾಕ್ ಬರ್ಲಿಲ್ಲ, ಫಿರ್ದೋಸ್?” ಅಂದರು.

ನಾನು ಲೆನ್ಸನ್ನು ಚೀಲಕ್ಕೆ ಹಾಕಿದೆ.

“ನಾಳೆ ಬಾ, ಕೊಡ್ತೀನಿ. ಇವತ್ತೊಂದಿನ ನನ್ ಹತ್ರನೇ ಇರ್ಲಿ.”

ಬರಿಗೈಯಲ್ಲಿ ಬಸ್ ಹತ್ತಿದೆ. ನಾಳೆ ನಾನು ಹೋಗುವಷ್ಟರಲ್ಲಿ ಅವರು ಅದನ್ನು ಇನ್ನೊಂದು ಸಲ ತೊಳೆದಿರುತ್ತಾರೆ. ತೊಳೀಬೇಡಿ ಅಮ್ಮ ಎನ್ನಲು ನನಗೆ ಬಾಯೇ ಬರಲಿಲ್ಲ ಕಣೇ.

ಫಿರ್ದೋಸ್